ತಾಯಿ ರೆಕಾರ್ಡು

ಆ ದಿನ ಸಿರುಗುಪ್ಪದ ನಮ್ಮ ಕಾಲೇಜಿನ ಫಿಜಿಕ್ಸ್ ಲ್ಯಾಬಿನಲ್ಲಿ ಇದ್ದವರು ಇಷ್ಟು ಮಂದಿ: ಬಿ.ಎಸ್ಸಿ ಕೊನೆಯ ವರ್ಷದ ಎಂಟು ವಿದ್ಯಾರ್ಥಿಗಳು, ಪ್ರಾಕ್ಟಿಕಲ್ ಪರೀಕ್ಷೆಗೆಂದು ಬೇರೆ ಊರಿನಿಂದ ಬಂದಿದ್ದ ಹೊರ ಪರೀಕ್ಷಕರು, ಒಳ ಪರೀಕ್ಷಕನಾಗಿ ನಾನು, ಬಾಗಿಲ ಬಳಿ ಸ್ಟೂಲಿನ ಮೇಲೆ ಅಟೆಂಡರ್ ಶೇಕ್ಷಾವಲಿ. ಪ್ರಾಂಶುಪಾಲರು ಎರಡು ಸಲ ತಲೆ ಹಾಕಿ ಹೋದರು. ಒಮ್ಮೆ ಪರೀಕ್ಷಕರಿಗೆ ಎಳನೀರು ಬಂತೇ ಎಂದು ಕೇಳಲು, ಇನ್ನೊಮ್ಮೆ ಊಟ ಎಷ್ಟು ಹೊತ್ತಿಗೆ ಎಂದು ಕೇಳಲು. ಹುಡುಗರು ಏನು ಅಳೆಯುತ್ತಿದ್ದಾರೆ ಎಂದು ಅವರು ಕೇಳಲಿಲ್ಲ. ನಾನು ಕಂಡ ಯಾವ ಪ್ರಾಂಶುಪಾಲರೂ ಕೇಳಿದ್ದಿಲ್ಲ.

ಕೊನೆಯ ವರ್ಷಕ್ಕೆಂದು ಇದ್ದ ಉಪಕರಣಗಳಲ್ಲಿ ಅರ್ಧಕ್ಕರ್ಧ ಕೆಟ್ಟು ಬೀರು ಸೇರಿದ್ದವು. ಹಾಗಾಗಿ ಮೊದಲ ವರ್ಷದ ಹಳೆಯ ಪ್ರಯೋಗಗಳನ್ನೂ ಚೀಟಿಯಲ್ಲಿ ಬರೆದು ಹಾಕಿದ್ದೆವು. ಇದು ತಪ್ಪೆಂದು ನನಗೂ ಗೊತ್ತಿತ್ತು, ಪರೀಕ್ಷಕರಿಗೂ ಗೊತ್ತಿತ್ತು. ಹುಲಿಗೆಮ್ಮ ಎಂಬ ಹುಡುಗಿಯ ಚೀಟಿಯಲ್ಲಿ ಬಾರ್ ಪೆಂಡುಲಂ ಬಂತು. ಸಾಲಾಗಿ ತೂತುಗಳಿರುವ ಲೋಹದ ಉದ್ದ ಪಟ್ಟಿಯನ್ನು ಒಂದೊಂದೇ ತೂತಿನಿಂದ ನೇತುಹಾಕಿ ತೂಗಾಡಿಸಿ, ಸ್ಟಾಪ್ ವಾಚಿನಲ್ಲಿ ಹೊತ್ತು ಅಳೆದು, ಭೂಮಿಯ ಸೆಳೆತ ಎಷ್ಟೆಂದು ಕಂಡುಹಿಡಿಯುವ ಪ್ರಯೋಗ ಅದು. ಪುಸ್ತಕದಲ್ಲಿ ಉತ್ತರ 9.81. ಅವಳು ಬರೆದದ್ದು 9.31.

ಪರೀಕ್ಷಕರು ಕನ್ನಡಕವನ್ನು ಹಣೆಗೇರಿಸಿ ಅವಳ ಮುಖ ನೋಡಿದರು.

"ಏನವ್ವಾ, ಭೂಮಿ ಸೊರಗೈತೇನು?"

ಉಳಿದವರು ಕಿಸಕ್ಕೆಂದರು. ಹುಲಿಗೆಮ್ಮ ನಗಲಿಲ್ಲ.

"ಭೂಮಿ ಸರಿ ಐತ್ರಿ ಸರ್. ವಾಚ್ ಮುಂದ ಓಡ್ತೈತಿ. ನಿಮಿಷಕ್ಕ ಒಂದೂವರಿ ಸೆಕೆಂಡು. ಹೋದ ವಾರ ಮೊಬೈಲಿಗೆ ಹಿಡ್ದು ನೋಡೀನ್ರಿ. ಅದನ್ನ ಕಳದ್ರ 9.78 ಬರ್ತೈತಿ. ಕೆಳಗ ಬರ್ದೀನ್ರಿ."

"ಇದ ವಾಚಿನ್ಯಾಗ ಇಷ್ಟು ವರ್ಷ ಎಲ್ಲರಿಗೂ 9.81 ಬಂದೈತಿ. ನಿನಗೊಬ್ಬಾಕಿಗೆ ಯಾಕ ಬರಲಿಲ್ಲ?"

"ಎಲ್ಲರಿಗೂ ಬಂದಿಲ್ರಿ ಸರ್. ಎಲ್ಲರೂ ಬರ್ದಾರ."

ಶೇಕ್ಷಾವಲಿ ಸ್ಟೂಲಿನಿಂದ ಅರ್ಧ ಎದ್ದು, ತಾನು ಕೆಲಸಕ್ಕೆ ಬಂದ ದಿನದಿಂದ ಆ ವಾಚು ಹಾಗೇ ಓಡುತ್ತಿದೆ ಎಂದು ಹೇಳಲು ಬಾಯಿ ತೆರೆದ. ನಾನು ಕಣ್ಣು ಬಿಟ್ಟೆ, ಅವನು ಕೂತುಬಿಟ್ಟ. ನನ್ನ ಸೇವೆಯಲ್ಲಿ ಮಾಡಿದ ತಪ್ಪುಗಳ ಪಟ್ಟಿ ಉದ್ದವಿದೆ. ಹಾಗೆ ಕಣ್ಣು ಬಿಟ್ಟು ಅವನನ್ನು ಕೂರಿಸಿದ್ದು ಅದರಲ್ಲಿ ಮೇಲಿನ ಸಾಲಿನದು.

ಈ ಹುಡುಗಿಗೆ ಆ ಪರೀಕ್ಷೆಯ ಅಂಕ ಯಾಕೆ ಬೇಕಿತ್ತು ಎಂದು ಇಲ್ಲೇ ಹೇಳಿಬಿಡುತ್ತೇನೆ. ಅವಳ ತಂದೆ ಮಾರೆಪ್ಪ ಸಿರುಗುಪ್ಪದ ಒಂದು ರೈಸ್ ಮಿಲ್ಲಿನಲ್ಲಿ ಭತ್ತ ಇಳಿಸಿಕೊಳ್ಳುವ ಕಡೆ ಇದ್ದವನು. ಚಿಕ್ಕಂದಿನಲ್ಲಿ ಅವಳು ಅಪ್ಪನಿಗೆ ಬುತ್ತಿ ಕೊಡಲು ಹೋದಾಗಲೆಲ್ಲ ಲಾರಿ ತೂಗುವ ಕಾಟಾವನ್ನೂ ಭತ್ತದ ತೇವ ನೋಡುವ ಮೀಟರನ್ನೂ ನೋಡುತ್ತ ನಿಲ್ಲುತ್ತಿದ್ದಳಂತೆ. ಒಂದು ದಿನ ಯಾರೋ ಅಧಿಕಾರಿ ಬಂದು, ಮುದ್ರೆ ಒತ್ತಿದ ತೂಕದ ಬಟ್ಟುಗಳನ್ನಿಟ್ಟು ಆ ಕಾಟಾವನ್ನೇ ಪರೀಕ್ಷೆ ಮಾಡಿದರು. ಅಳೆಯುವ ಯಂತ್ರವನ್ನೇ ಅಳೆಯುವ ಕೆಲಸ ಒಂದಿದೆ ಎಂದು ಅವಳಿಗೆ ಅಂದು ತಿಳಿಯಿತು. ಪದವಿಯ ಮೊದಲ ವರ್ಷ ನನ್ನ ಬಳಿ ಬಂದು, ಆ ಕೆಲಸಕ್ಕೆ ಏನು ಓದಬೇಕು ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ಫಿಜಿಕ್ಸ್ ಹೇಳಿದ ಮನುಷ್ಯ ನಾನು. ಗೊತ್ತಿಲ್ಲ ಎನ್ನಲು ನಾಚಿಕೆಯಾಗಿ, ಎಂ.ಎಸ್ಸಿ ಮಾಡವ್ವಾ, ಆಮೇಲೆ ತಾನಾಗಿ ತಿಳಿಯುತ್ತದೆ ಎಂದೆ. ಅವಳು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ಎಂ.ಎಸ್ಸಿ ಸೀಟು ಕೊಡುವುದು ಫಿಜಿಕ್ಸಿನ ಒಟ್ಟು ಅಂಕ ನೋಡಿ, ಪ್ರಾಕ್ಟಿಕಲ್ ಸೇರಿಸಿ. ಸೀಟು ತಪ್ಪಿದರೆ ಮುಂದೇನು ಎಂಬುದು ಅವಳ ಮನೆಯಲ್ಲಿ ಆಗಲೇ ತೀರ್ಮಾನವಾಗಿತ್ತು: ಒಂದೋ ಬಿ.ಇಡಿ, ಇಲ್ಲವೆಂದರೆ ಸಿರಿಗೇರಿಯಿಂದ ಬಂದಿದ್ದ ಗಂಡು.

ಈಗ ತಾಯಿ ರೆಕಾರ್ಡಿನ ಕಥೆ. ಹೊಸದಾಗಿ ಲೆಕ್ಚರರ್ ಆಗಿ ಬರುವ ತಮ್ಮಂದಿರೇ, ತಂಗಿಯರೇ, ಇದನ್ನು ನಿಮಗೆ ಟ್ರೇನಿಂಗಿನಲ್ಲಿ ಯಾರೂ ಹೇಳಿಕೊಡುವುದಿಲ್ಲ.

ನಮ್ಮ ಕಡೆಯ ಕಾಲೇಜುಗಳಲ್ಲಿ ಪ್ರತಿ ವಿಷಯಕ್ಕೂ ಒಂದು ತಾಯಿ ರೆಕಾರ್ಡು ಇರುತ್ತದೆ. ಎಂದೋ ಯಾರೋ ಚೆಂದಾಗಿ ಬರೆದ ಪ್ರಯೋಗದ ಪುಸ್ತಕ ಅದು. ಸೀನಿಯರು ಜೂನಿಯರಿಗೆ ಕೊಡುತ್ತಾನೆ, ಜೂನಿಯರು ಅವನ ಜೂನಿಯರಿಗೆ. ಅದರ ಅಳತೆಗಳನ್ನು ಎಲ್ಲರೂ ಇಳಿಸಿಕೊಳ್ಳುತ್ತಾರೆ. ಸ್ವಲ್ಪ ಧೈರ್ಯವಿದ್ದವನು ಕೊನೆಯ ಅಂಕಿಯನ್ನು ಅಲ್ಲಲ್ಲಿ ಬದಲಿಸುತ್ತಾನೆ. ಪರೀಕ್ಷೆಯಲ್ಲಿ ಉತ್ತರ ಮೊದಲು ಬರೆದು, ಅಲ್ಲಿಂದ ಹಿಂದಕ್ಕೆ ನಡೆದು ಅಳತೆಗಳನ್ನು ಹುಟ್ಟಿಸುತ್ತಾರೆ. ಕೈ ಪೆಂಡುಲಮ್ಮಿನ ಮೇಲಿರುತ್ತದೆ, ಕಣ್ಣು ಗೋಡೆ ಗಡಿಯಾರದ ಮೇಲೆ. ಮೇಷ್ಟ್ರಿಗೂ ಸುಖ. ನಲವತ್ತು ಪುಸ್ತಕಗಳಲ್ಲಿ ಒಂದೇ ಉತ್ತರವಿದ್ದರೆ ನಲವತ್ತು ಸಹಿಗೆ ಅರ್ಧ ಗಂಟೆ ಸಾಕು.

ಸಿರುಗುಪ್ಪದ ತಾಯಿ ರೆಕಾರ್ಡು ಬರೆದವನು ನಾನೇ.

ಅದನ್ನು ನಾನು ಬರೆದದ್ದು ಕುರುಗೋಡಿನಲ್ಲಿ, ಕೆಲಸಕ್ಕೆ ಸೇರಿದ ಹೊಸತರಲ್ಲಿ. ಎರಡು ಕೋಣೆಯ ಕಾಲೇಜು. ಲ್ಯಾಬಿಗೆಂದು ಉಪಕರಣಗಳು ಬಂದಿದ್ದವು, ಮರದ ಪೆಟ್ಟಿಗೆಗಳಲ್ಲಿ, ಮೊಳೆ ಹೊಡೆದು. ಆಗಿನ ಪ್ರಾಂಶುಪಾಲರು ಪೆಟ್ಟಿಗೆ ಬಿಚ್ಚಲು ಬಿಡಲಿಲ್ಲ. ತಪಾಸಣೆಗೆ ಬರುವವರು ಪೆಟ್ಟಿಗೆ ಎಣಿಸುತ್ತಾರೆ, ಬಿಚ್ಚಿದ ಮೇಲೆ ಒಂದು ಗಾಜು ಒಡೆದರೂ ತಮ್ಮ ಪಿಂಚಣಿಗೆ ಬರುತ್ತದೆ ಎಂದು ಅವರ ಭಯ. ನಾನು ವಾರಕ್ಕೊಮ್ಮೆ ಹೋಗಿ ಕೇಳುತ್ತಿದ್ದೆ. ಕೊನೆಗೊಂದು ದಿನ ಅವರು ಹೇಳಿದ್ದು ಇಂದಿಗೂ ಕಿವಿಯಲ್ಲಿದೆ.

"ಹುಡುಗ್ರು ಪಾಸಾಗಬೇಕೋ, ಪ್ರಯೋಗ ಮಾಡಬೇಕೋ? ಎಲ್ಡರಾಗ ಒಂದು ಹೇಳ್ರಿ."

ನಾನು ಹೆದರುಪುಕ್ಕಲ. ಹುಡುಗರು ಪಾಸಾಗಲಿ ಎಂದೆ. ಮನೆಯಲ್ಲಿ ಕೂತು, ಪುಸ್ತಕದ ಉತ್ತರ ನೋಡಿಕೊಂಡು, ಇಪ್ಪತ್ತು ಪ್ರಯೋಗಗಳ ಅಳತೆಗಳನ್ನು ನನ್ನ ತಲೆಯಿಂದಲೇ ಬರೆದೆ. ದುಂಡಗಿನ ಅಕ್ಷರ, ಸ್ಕೇಲು ಹಿಡಿದು ಗೆರೆ ಎಳೆದ ಕೋಷ್ಟಕ, ಪೆನ್ಸಿಲಿನ ಗ್ರಾಫು. ಹುಡುಗರು ಅದನ್ನು ಕಣ್ಣಿಗೊತ್ತಿಕೊಂಡು ನಕಲು ಮಾಡಿದರು, ಎಲ್ಲರೂ ಪಾಸಾದರು. ಆ ವರ್ಷ ಕುರುಗೋಡಿನಲ್ಲಿ ನನಗೊಂದು ಶಾಲು ಹೊದಿಸಿದರು. ಸುಳ್ಳು ಬರೆದದ್ದಕ್ಕೆ ಶಾಲು. ನಾನು ಹೊದ್ದುಕೊಂಡು ಬಂದೆ.

ಆ ಪುಸ್ತಕ ಝೆರಾಕ್ಸ್ ಆಯಿತು, ಝೆರಾಕ್ಸಿನ ಝೆರಾಕ್ಸ್ ಆಯಿತು. ನಾನು ಸಿರುಗುಪ್ಪಕ್ಕೆ ವರ್ಗವಾಗಿ ಬಂದಾಗ ನನಗಿಂತ ಮೊದಲೇ ಅದು ಅಲ್ಲಿಗೆ ಬಂದು ಕೂತಿತ್ತು. ನನ್ನದೇ ಅಕ್ಷರ, ಮಸುಕಾಗಿ. ಆಗಲಾದರೂ ಹರಿದು ಹಾಕಬಹುದಿತ್ತು. ಹಾಕಲಿಲ್ಲ. ಎಲ್ಲರಿಗೂ ಅನುಕೂಲವಾಗಿದೆ, ನಾನ್ಯಾಕೆ ಕೆಡಿಸಲಿ ಎಂದುಕೊಂಡೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂದು ನಮ್ಮಜ್ಜಿ ಯಾರ್ಯಾರನ್ನೋ ಬಯ್ಯುತ್ತಿದ್ದಳು. ಮೊಮ್ಮಗನೇ ಬೇಲಿಯಾಗುತ್ತಾನೆ ಎಂದು ಅವಳಿಗೇನು ಗೊತ್ತು.

ಇನ್ನೊಂದು ಮಾತು ಕೇಳಿ, ನನ್ನ ಸಿಟ್ಟಿಗೆ ತುಪ್ಪ ಹಾಕುವುದು ಇದೇ. ಭೂಮಿಯ ಸೆಳೆತ ಎಲ್ಲ ಊರಿನಲ್ಲೂ ಒಂದೇ ಇರುವುದಿಲ್ಲ. ಭೂಮಧ್ಯರೇಖೆಯ ಕಡೆಗೆ ಬಂದಷ್ಟೂ ಕಡಿಮೆಯಾಗುತ್ತದೆ. ನಮ್ಮ ಬಳ್ಳಾರಿ ಸೀಮೆಯಲ್ಲಿ ಅದು 9.78ರ ಆಸುಪಾಸು. 9.81 ಇಲ್ಲಿ ಬರುವುದೇ ಇಲ್ಲ. ನಾನು ಅದನ್ನು ಪ್ರತಿ ವರ್ಷ ಥಿಯರಿ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬರೆದು ಹೇಳುತ್ತಿದ್ದೆ, ಪಕ್ಕದ ಕೋಣೆಯ ಲ್ಯಾಬಿಗೆ ಹೋಗಿ 9.81ಕ್ಕೆ ಸಹಿ ಹಾಕುತ್ತಿದ್ದೆ. ಎರಡೂ ಕೋಣೆಗಳ ನಡುವೆ ಒಂದೇ ಗೋಡೆ.

ಇಷ್ಟು ವರ್ಷಗಳಲ್ಲಿ ನಿಜವಾಗಿ ಅಳೆದವಳು ಹುಲಿಗೆಮ್ಮ ಒಬ್ಬಳೇ. ಅವಳಿಗೆ ಬಂದ ಉತ್ತರ ನಮ್ಮ ನೆಲದ ಉತ್ತರ. ಅದನ್ನು ತಪ್ಪು ಎಂದರು.

ವಿದ್ಯಾರ್ಥಿಗಳು ಹೋದ ಮೇಲೆ ಅಂಕ ಹಾಕಲು ಕೂತೆವು. ಪರೀಕ್ಷಕರು ಅವಳಿಗೆ ಪಾಸಾಗುವಷ್ಟನ್ನು ಮಾತ್ರ ಹಾಕಿದರು. ಉತ್ತರದ ಹಾಳೆಯಲ್ಲೂ ಎದುರು ಬರೆದಿದ್ದಾಳೆ, ಬಾಯಲ್ಲೂ ಎದುರು ಮಾತಾಡುತ್ತಾಳೆ ಎಂದರು. ನಾನು, ಹುಡುಗಿ ಹೇಳಿದ್ದರಲ್ಲಿ ಸ್ವಲ್ಪ ಸತ್ಯವಿದೆ ಎಂದು ಗೊಣಗಿದೆ. ಸ್ವಲ್ಪವಂತೆ. ಅಷ್ಟರಲ್ಲಿ ಪ್ರಾಂಶುಪಾಲರು ಊಟಕ್ಕೆ ಕರೆಯಲು ಬಂದು, ನನ್ನನ್ನು ಪಕ್ಕಕ್ಕೆ ಎಳೆದು, ಹೊರಗಿನವರನ್ನು ಎದುರು ಹಾಕಿಕೊಂಡರೆ ಬರುವ ವರ್ಷದ ಮಕ್ಕಳಿಗೂ ಪೆಟ್ಟು ಎಂದು ಬುದ್ಧಿ ಹೇಳಿದರು. ಬಾಯಿ ಮುಚ್ಚಿಸಿದ್ದು ಅವರ ಬುದ್ಧಿಮಾತಲ್ಲ, ನನ್ನ ಕಳ್ಳಮನಸ್ಸು. ವಾಚು ಸುಳ್ಳೆಂದರೆ ಹಿಂದಿನ ರೆಕಾರ್ಡುಗಳೂ ಸುಳ್ಳು. ರೆಕಾರ್ಡು ಸುಳ್ಳೆಂದರೆ ಬರೆದವನು ಯಾರು ಎಂಬ ಮಾತು ಬರುತ್ತದೆ. ಸಹಿ ಹಾಕಿದೆ. ಕೋಳಿ ಸಾರು ಚೆನ್ನಾಗಿತ್ತು.

ಫಲಿತಾಂಶ ಬಂದ ವಾರ ಮಾರೆಪ್ಪ ಮಗಳನ್ನು ಕರೆದುಕೊಂಡು ಸ್ಟಾಫ್ ರೂಮಿಗೆ ಬಂದ. ಕೂರು ಎಂದರೂ ಕೂರಲಿಲ್ಲ. ಅವನು ಜಗಳಕ್ಕೆ ಬಂದಿರಲಿಲ್ಲ, ಮಗಳು ಎಲ್ಲಿ ತಪ್ಪಿದಳು ಎಂದು ತಿಳಿದುಕೊಳ್ಳಲು ಬಂದಿದ್ದ. ಅದೇ ನನಗೆ ತಡೆಯಲಾಗಲಿಲ್ಲ.

"ನಮ್ಮ ಮಿಲ್ಲಿನ್ಯಾಗ ತೇವದ ಮೀಟರ್ ಹದಿನೇಳು ಅಂತೈತ್ರಿ ಸಾರ್," ಎಂದ. "ನಾನು ಕಾಳು ಕಡ್ದು ಹದಿನಾಕು ಅಂತೀನಿ. ಸಾವ್ಕಾರ ಮೀಟರ್ ನಂಬ್ತಾನ. ತೇವ ಹೆಚ್ಚಂದ್ರ ರೈತಗ ರೊಕ್ಕ ಕಡಿಮಿ, ಮೀಟರ್ ಅವನ ಮಾತು ಕೇಳ್ತೈತಿ. ಅಂಥಾದ್ದು ಮಿಲ್ಲಿನ್ಯಾಗ ನಡಿತೈತಿ ಬಿಡ್ರಿ. ಕಾಲೇಜಿನ್ಯಾಗೂ ಹಂಗ ಏನ್ರೀ?"

ಹುಲಿಗೆಮ್ಮ ಅಪ್ಪನ ತೋಳು ಹಿಡಿದು, ಹೋಗೂಣು ನಡಿಯಪ್ಪಾ, ಸರ್‌ಗೆ ಕ್ಲಾಸ್ ಐತಿ ಎಂದಳು. ನನಗೆ ಕ್ಲಾಸಿರಲಿಲ್ಲ, ಅದು ಅವಳಿಗೆ ಗೊತ್ತಿತ್ತು.

ಅದೇ ತಿಂಗಳು ಕಾಲೇಜಿನಲ್ಲಿ ವೃತ್ತಿ ಮಾರ್ಗದರ್ಶನ ದಿನ ಎಂದು ಒಂದು ಕಾರ್ಯಕ್ರಮ. ಬ್ಯಾನರು, ಹೂಗುಚ್ಛ, ಬಳ್ಳಾರಿಯಿಂದ ಕರೆಸಿದ ಭಾಷಣಕಾರ. ಅವರು ಒಂದೂವರೆ ಗಂಟೆ ಮಾತಾಡಿ, ಫಿಜಿಕ್ಸ್ ಓದಿದವರಿಗೆ ಮೂರು ದಾರಿ ತೋರಿಸಿದರು: ಬಿ.ಇಡಿ, ಬ್ಯಾಂಕ್ ಪರೀಕ್ಷೆ, ಪೊಲೀಸ್. ಪೊಲೀಸ್ ಕೆಲಸಕ್ಕೆ ನ್ಯೂಟನ್ ಯಾಕೆ ಬೇಕು ಎಂದು ಯಾರೂ ಕೇಳಲಿಲ್ಲ. ಕೊನೆಗೆ ಪ್ರಾಂಶುಪಾಲರು ಹೆಣ್ಣುಮಕ್ಕಳ ಕಡೆ ತಿರುಗಿ, ನಿಮಗೆ ಬಿ.ಇಡಿಯೇ ಚೆಂದ, ಹತ್ತಕ್ಕೆ ಹೋಗಿ ಐದಕ್ಕೆ ಮನೆ ಸೇರಬಹುದು ಎಂದರು. ಮೇಷ್ಟ್ರ ಕೆಲಸ ಕೀಳೆಂದು ನಾನು ಹೇಳುತ್ತಿಲ್ಲ, ನಾನೇ ಮೇಷ್ಟ್ರು. ಆಸೆಯಿಂದ ಹೋಗುವವರು ಹೋಗಲಿ. ಬೇರೆ ಬಾಗಿಲು ಇದೆ ಎಂದೇ ತಿಳಿಯದೆ ಆ ಬಾಗಿಲಲ್ಲಿ ತುರುಕಿಕೊಂಡವರ ಮುಂದೆ ಮಕ್ಕಳು ಕೂತರೆ ಏನಾಗುತ್ತದೆ ಎಂದು ನಾನು ನೋಡಿದ್ದೇನೆ. ಅವರು ಇನ್ನೊಂದು ತಾಯಿ ರೆಕಾರ್ಡು ಬರೆಯುತ್ತಾರೆ.

ಕಾರ್ಯಕ್ರಮದ ಬ್ಯಾನರು ಕಟ್ಟಿದ್ದ ನೋಟಿಸ್ ಬೋರ್ಡಿನ ಮೇಲೇ, ಬ್ಯಾನರಿನ ಹಿಂದೆ, ದೇಶಮಟ್ಟದ ಎಂ.ಎಸ್ಸಿ ಪ್ರವೇಶ ಪರೀಕ್ಷೆಯ ಪ್ರಕಟಣೆ ಇತ್ತು. ಅರ್ಜಿಯ ಗಡುವು ಮುಗಿದು ಎಷ್ಟೋ ತಿಂಗಳಾಗಿತ್ತು. ಆಫೀಸಿನಲ್ಲಿ ವಿಚಾರಿಸಿದೆ. ಟಪಾಲು ಬಂದದ್ದು ಸಕಾಲಕ್ಕೇ, ಹಚ್ಚಿದ್ದು ಮಾತ್ರ ಪಿನ್ನು ಸಿಕ್ಕಾಗ. ಆ ಪರೀಕ್ಷೆಯಲ್ಲಿ ಪ್ರಾಕ್ಟಿಕಲ್ ಅಂಕದ ಆಧಾರದ ಮೇಲೆ ಸೀಟು ಕೊಡುವುದಿಲ್ಲ, ಬರೆದ ಪರೀಕ್ಷೆಯ ಮೇಲೆ ಕೊಡುತ್ತಾರೆ ಎಂದು ಅದರಲ್ಲಿತ್ತು.

ಅಂದು ಸಂಜೆ ಬಳ್ಳಾರಿ ಕಂಟೋನ್ಮೆಂಟಿನ ನನ್ನ ಮನೆಗೆ ಬಂದವನೇ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ ಕಾಗದ ಬರೆದೆ. ವಾಚು ತಪ್ಪು, ವಿದ್ಯಾರ್ಥಿನಿಯ ಉತ್ತರ ಸರಿ, ಮಾದರಿ ಎಂದು ಬಳಸುತ್ತಿರುವ ರೆಕಾರ್ಡಿನ ಅಳತೆಗಳು ನಾನೇ ಕಲ್ಪಿಸಿ ಬರೆದವು. ಮೂರೇ ವಾಕ್ಯ. ನಿವೃತ್ತಿಗೆ ಹತ್ತು ತಿಂಗಳಿತ್ತು. ಹೆಂಡತಿ ಓದಿ, ಇಷ್ಟು ವರ್ಷ ಸುಮ್ಮನಿದ್ದವರಿಗೆ ಈಗೇನು ಬಂತು ಎಂದಳು. ಆಮೇಲೆ ಅವಳೇ ಲಕೋಟೆಗೆ ಅಂಟು ಹಚ್ಚಿ ಕೊಟ್ಟಳು.

ಎರಡು ಉತ್ತರ ಬಂದವು. ಒಂದು, ಪ್ರಾಕ್ಟಿಕಲ್ ಪರೀಕ್ಷೆಗೆ ಮರುಮೌಲ್ಯಮಾಪನದ ಅವಕಾಶವಿಲ್ಲ. ಇನ್ನೊಂದು ನನಗೆ, ಕಾರಣ ಕೇಳಿ ನೋಟಿಸು. ವಾಚಿನ ಬಗ್ಗೆ ಎರಡರಲ್ಲೂ ಒಂದಕ್ಷರವಿರಲಿಲ್ಲ. ಪ್ರಾಂಶುಪಾಲರು ನನ್ನನ್ನು ಕರೆಸಿ ಬಾಗಿಲು ಹಾಕಿಕೊಂಡು ಕೇಳಿದರು.

"ಸುಮ್ನ ಇದ್ದ ಹುತ್ತಕ್ಕ ಕೈ ಹಾಕಿದಿರಲ್ರೀ. ಒಂದು ಹುಡುಗಿ ಸಲುವಾಗಿ ಇಡೀ ಕಾಲೇಜಿನ ಮರ್ಯಾದಿ ತೆಗಿತೀರೇನು?"

"ಮರ್ಯಾದಿ ಇದ್ರ ತಾನ ಸರ್ ತೆಗಿಯಾದು," ಎಂದೆ. ಸೇವೆಯಲ್ಲಿ ಮೇಲಿನವರಿಗೆ ನಾನು ಕೊಟ್ಟ ಎದುರುತ್ತರ ಅದೊಂದೇ. ಮೂವತ್ತು ವರ್ಷ ತಡವಾಗಿ ಕೊಟ್ಟದ್ದು.

ಎಂ.ಎಸ್ಸಿ ಪಟ್ಟಿ ಬಂತು. ಹುಲಿಗೆಮ್ಮನ ಹೆಸರಿರಲಿಲ್ಲ. ಕೊನೆಯ ಸೀಟು ಪಡೆದವನು ಅವಳದೇ ತರಗತಿಯವನು. ಪ್ರಾಕ್ಟಿಕಲ್ಲಿನಲ್ಲಿ ಹೆಚ್ಚುಕಡಿಮೆ ಪೂರ್ತಿ ಅಂಕ, ರೆಕಾರ್ಡಿನ ಪ್ರತಿ ಪುಟವೂ ನನ್ನದು. ಒಳ್ಳೆಯ ಹುಡುಗ, ಅವನ ಮೇಲೆ ನನಗೆ ಸಿಟ್ಟಿಲ್ಲ. ಕಲಿಸಿದ್ದನ್ನು ಮಾಡಿದ.

ಆಗ ನಾನು ಮೊದಲೇ ಮಾಡಬೇಕಿದ್ದ ಕೆಲಸಕ್ಕೆ ಕೈ ಹಾಕಿದೆ. ಹಳೆಯ ವಿದ್ಯಾರ್ಥಿಗಳ ಫೋನ್ ನಂಬರು ಹುಡುಕಿ ಒಬ್ಬೊಬ್ಬರನ್ನೇ ಕೇಳಿದೆ: ನೀನೇನು ಮಾಡುತ್ತಿದ್ದೀ, ಅಲ್ಲಿಗೆ ಹೇಗೆ ಹೋದೆ, ಹೋಗುವವರಿಗೆ ಏನು ಬೇಕು. ಒಬ್ಬ ಹವಾಮಾನ ಇಲಾಖೆಯಲ್ಲಿ ಬಲೂನು ಹಾರಿಸಿ ಗಾಳಿ ಅಳೆಯುತ್ತಾನೆ. ಒಬ್ಬಳು ಎಂ.ಎಸ್ಸಿ ಆದ ಮೇಲೆ ಇನ್ನೊಂದು ಕೋರ್ಸು ಮಾಡಿ, ಕ್ಯಾನ್ಸರ್ ಆಸ್ಪತ್ರೆಯಲ್ಲಿ ರೋಗಿಯ ಮೈಗೆ ವಿಕಿರಣ ಎಲ್ಲಿ, ಎಷ್ಟು ತಲುಪಬೇಕೆಂದು ಲೆಕ್ಕ ಹಾಕುತ್ತಾಳೆ. ಇನ್ನೊಬ್ಬ ನೆಲದೊಳಗೆ ಕರೆಂಟು ಹರಿಸಿ ನೀರಿನ ಸುಳಿವು ಹುಡುಕುತ್ತಾನೆ. ಎಲ್ಲರೂ ತಾವೇ ತಡಕಾಡಿ ದಾರಿ ಕಂಡುಕೊಂಡವರು. ನಾನು ದಾರಿ ತೋರಿಸಿದೆ ಎಂದು ಒಬ್ಬರೂ ಹೇಳಲಿಲ್ಲ, ಹೇಳಿದರೆ ಸುಳ್ಳಾಗುತ್ತಿತ್ತು. ನೀವು ಲೆಕ್ಚರರ್ ಆಗುವವರು ಮೊದಲ ವಾರವೇ ಇಂಥ ಫೋನು ಮಾಡಿ. ನಿವೃತ್ತಿಗೆ ಎಂಟು ತಿಂಗಳಿದ್ದಾಗ ಬೇಡ.

ಆ ಫೋನುಗಳಲ್ಲೊಂದು ಕುಡತಿನಿಗೆ ಹೋಯಿತು. ಅಲ್ಲಿ ನನ್ನ ಹಳೆಯ ವಿದ್ಯಾರ್ಥಿ ತಿಪ್ಪೇಸ್ವಾಮಿ ಒಂದು ಚಿಕ್ಕ ವರ್ಕ್‌ಶಾಪು ನಡೆಸುತ್ತಾನೆ. ಸುತ್ತಲಿನ ಕಾರ್ಖಾನೆಗಳ ಒತ್ತಡದ ಮೀಟರು, ಉಷ್ಣತೆಯ ಮೀಟರು ಸರಿ ತೋರಿಸುತ್ತಿವೆಯೇ ಎಂದು ಪರೀಕ್ಷಿಸಿ ಚೀಟಿ ಅಂಟಿಸಿ ಕೊಡುವುದು ಅವನ ಕೆಲಸ. ಹುಲಿಗೆಮ್ಮ ನನ್ನನ್ನು ಮೊದಲ ವರ್ಷ ಕೇಳಿದ್ದ ಕೆಲಸ ಅದೇ. ನಮ್ಮ ಕಾಲೇಜಿನಿಂದ ಎರಡು ಬಸ್ಸಿನ ದೂರದಲ್ಲಿ ಅದು ನಡೆಯುತ್ತಿತ್ತು, ನಡೆಸುವವನು ನನ್ನ ವಿದ್ಯಾರ್ಥಿ, ನನಗೆ ಗೊತ್ತಿರಲಿಲ್ಲ.

ಅವನಿಗೆ ಒಬ್ಬರು ಬೇಕಾಗಿದ್ದರು. ಐದು ಮಂದಿಯನ್ನು ಕರೆಸಿದ್ದ, ನಾನೂ ಹುಲಿಗೆಮ್ಮನ ಜೊತೆ ಹೋಗಿ ಹೊರಗೆ ಬೆಂಚಿನ ಮೇಲೆ ಕೂತೆ. ಪ್ರಶ್ನೆ ಕೇಳಲಿಲ್ಲವಂತೆ. ಒಂದು ಒತ್ತಡದ ಮೀಟರು ಇಟ್ಟು, ಪ್ರತಿ ಸಲವೂ ಗಾಳಿ ಬಿಟ್ಟು ಮತ್ತೆ ಅಷ್ಟೇ ತುಂಬಿ, ಮೂರು ಸಲ ಓದಿ ಬರೆಯಿರಿ ಎಂದ, ಅಷ್ಟೇ. ಮುಗಿದ ಮೇಲೆ ಹೊರಗೆ ಬಂದು ಐದು ಕಾಗದಗಳನ್ನೂ ನನ್ನ ಕೈಗಿಟ್ಟ. ನಾಲ್ಕರಲ್ಲಿ ಮೂರೂ ಸಲ ಒಂದೇ ಅಂಕಿ, ನೀಟಾಗಿ. ಹುಲಿಗೆಮ್ಮನ ಕಾಗದದಲ್ಲಿ ಮೂರು ಸಲವೂ ಬೇರೆ ಬೇರೆ, ಮೂರನೆಯದರ ಪಕ್ಕದಲ್ಲಿ "ಮುಳ್ಳು ಸ್ವಲ್ಪ ಸಿಕ್ಕಿಕೊಳ್ಳುತ್ತದೆ" ಎಂದು ಬರೆದಿತ್ತು.

"ಆ ಮುಳ್ಳು ಸಿಕ್ಕೊಳ್ಳೋದು ನಾನ ಮಾಡಿಟ್ಟಿದ್ದು ಸರ್," ಎಂದ ತಿಪ್ಪೇಸ್ವಾಮಿ. "ಈ ನಾಕೂ ಮಂದಿ ಎಲ್ಲಿ ಓದ್ಯಾರ ಅಂತ ಕೇಳಬ್ಯಾಡ್ರಿ. ನಾನೂ ಅಲ್ಲೇ ಓದಿದಾವ. ಕುರುಗೋಡಿನ್ಯಾಗ ನಿಮ್ಮ ರೆಕಾರ್ಡು ನಾನೂ ಇಳಿಸೀನಿ. ಅದನ್ನ ಮರೀಬೇಕಾದ್ರ ನನಗ ನಾಕು ವರ್ಷ ಹಿಡೀತು."

ಬಯ್ದಿದ್ದರೆ ಚೆನ್ನಾಗಿತ್ತು. ಅವನು ನಗುತ್ತ ಹೇಳಿದ, ಒಳಗೆ ಹೋಗಿ ನನಗೆ ಚಹಾ ತರಿಸಿದ.

ಹುಲಿಗೆಮ್ಮ ಸೋಮವಾರ ಕೆಲಸಕ್ಕೆ ಸೇರಿದಳು. ನಾನು ಕೊನೆಯ ದಿನದವರೆಗೂ ನೋಟಿಸಿಗೆ ಉತ್ತರ ಬರೆಯುತ್ತಲೇ ಇದ್ದು ನಿವೃತ್ತನಾದೆ. ಬಳ್ಳಾರಿಯಲ್ಲಿ ಬಸ್ ಬದಲಿಸುವಾಗ ಅವಳು ವಾರಕ್ಕೆರಡು ಬೆಳಗು ಕಂಟೋನ್ಮೆಂಟಿನ ಮನೆಗೆ ಬರುತ್ತಿದ್ದಳು. ಪ್ರವೇಶ ಪರೀಕ್ಷೆಯ ಹಳೆಯ ಪ್ರಶ್ನೆಗಳನ್ನು ಇಬ್ಬರೂ ಕೂತು ಬಿಡಿಸುತ್ತಿದ್ದೆವು. ಕೆಲವು ನನಗೂ ಬರುತ್ತಿರಲಿಲ್ಲ, ಬರುವುದಿಲ್ಲ ಎಂದು ಹೇಳಲು ಕಲಿತಿದ್ದೆ. ಮೊದಲ ಸಲ ಬರೆದಾಗ ಅವಳಿಗೆ ಸೀಟು ಸಿಗಲಿಲ್ಲ. ಸಿರಿಗೇರಿಯ ಗಂಡು ಬೇರೆ ಕಡೆ ಮದುವೆಯಾದ. ಎರಡನೆಯ ಸಲ ಸಿಕ್ಕಿತು, ಹೊರ ರಾಜ್ಯದಲ್ಲಿ.

ಆಗಸ್ಟಿನಲ್ಲಿ ತರಗತಿಗಳು ಶುರುವಾದವು. ಅವಳನ್ನು ಕಳಿಸಲು ನಾನು ಬಳ್ಳಾರಿ ಸ್ಟೇಷನ್ನಿಗೆ ಹೋಗಿದ್ದೆ. ಮಾರೆಪ್ಪ ಮಿಲ್ಲಿಗೆ ರಜೆ ಹಾಕಿ, ಮಗಳ ಟ್ರಂಕು ಹೆಗಲ ಮೇಲೆ ಹೊತ್ತು ಬಂದಿದ್ದ. ರೈಲು ಇಪ್ಪತ್ತು ನಿಮಿಷ ತಡವಾಗಿ ಬಂತು. ಅವಳು ಹತ್ತಿ, ಕಿಟಕಿಯ ಪಕ್ಕ ಜಾಗ ಹಿಡಿದು, ಅಪ್ಪನಿಗೆ ಮಾತ್ರೆ ಮರೆಯಬ್ಯಾಡ ಎಂದು ಹೇಳಿದಳು. ರೈಲು ಹೋದ ಮೇಲೆ ನಾವಿಬ್ಬರೂ ಹೊರಗೆ ಬಂದು ಮಿರ್ಚಿ ಬಜ್ಜಿ ತಿಂದೆವು. ಅವನು ಸಿರುಗುಪ್ಪದ ಬಸ್ ಹತ್ತಿದ, ನಾನು ನಡೆದುಕೊಂಡು ಮನೆಗೆ ಬಂದೆ.